ಶಿಬಿರ ಮುಚ್ಚಿದ ಮೇಲೆ

ಪ್ರಿಯ ಓದುಗರೇ,

ನೆರೆ ಇಳಿದ ಆರು ವಾರಕ್ಕೆ ರಸ್ತೆ ತೆರೆಯಿತು, ಕರೆಂಟು ಬಂತು, ಪರಿಹಾರ ಶಿಬಿರ ಮುಚ್ಚಿತು ಎಂದು ಬರೆದಿದ್ದೀರಿ. ‘ಚೇತರಿಕೆ ಇಲ್ಲಿಗೆ ಮುಗಿಯಿತೇ? ಚೇತರಿಕೆ ಅಂದರೆ ಮೊದಲಿದ್ದಂತಾಗುವುದೇ?’ ಎಂದೂ ಕೇಳಿದ್ದೀರಿ. ಎರಡಕ್ಕೂ ನಮ್ಮ ಉತ್ತರ: ಇಲ್ಲ.

ಅಲ್ಲಿಗೆ ಮುಗಿದದ್ದು ತುರ್ತು ಸ್ಪಂದನೆ. ಮನೆ, ದುಡಿಮೆ, ಆರೋಗ್ಯ, ಶಾಲೆ, ನೆರೆಹೊರೆ ಎಲ್ಲವೂ ಮತ್ತೆ ನೆಲೆಗೊಳ್ಳುವುದು ಚೇತರಿಕೆ. ಅದು ವರ್ಷಗಳ ಕೆಲಸ. ಮನೆಯನ್ನು ಮೊದಲಿದ್ದಂತೆಯೇ ಕಟ್ಟಿದರೆ ಅದು ಬಿದ್ದ ಕಾರಣವನ್ನೂ ಉಳಿಸಿಕೊಂಡಂತೆ. ವಿಪತ್ತಿನ ಅಪಾಯ ತಗ್ಗಿಸಲು ವಿಶ್ವಸಂಸ್ಥೆಯ ಸದಸ್ಯ ದೇಶಗಳು ಒಪ್ಪಿಕೊಂಡ 2015ರ ಸೆಂಡೈ ಚೌಕಟ್ಟಿನ ನಾಲ್ಕನೇ ಆದ್ಯತೆಯಲ್ಲಿ ‘ಹಿಂದಿಗಿಂತ ಚೆನ್ನಾಗಿ ಕಟ್ಟುವುದು’ ಸೇರಿದ್ದು ಈ ಕಾರಣಕ್ಕೇ.

ಆದರೆ ಚೇತರಿಕೆ ಹಳಿ ತಪ್ಪುವುದು ಬಹುಪಾಲು ಮೊದಲ ವಾರಗಳಲ್ಲೇ. ದಾರಿ ಬಿಡಿಸುವ ಅವಸರದಲ್ಲಿ ಯಂತ್ರಗಳು ಅವಶೇಷವನ್ನೆಲ್ಲ ಬಳಿದು ಹಳ್ಳಕ್ಕೆ ಸುರಿಯುತ್ತವೆ. ಮತ್ತೆ ಬಳಸಬಹುದಾಗಿದ್ದ ಇಟ್ಟಿಗೆ, ಮರ, ಕಬ್ಬಿಣ ಹೋಯಿತು, ಹಾನಿಯ ಪುರಾವೆ ಹೋಯಿತು, ಹಳ್ಳವೂ ಕಟ್ಟಿಕೊಂಡಿತು. ಅದಕ್ಕೇ ತೆರವಿಗೆ ಮುನ್ನ ಪ್ರತಿ ಮನೆಯ ನಾಲ್ಕೂ ಬದಿಯ ಫೋಟೊ ತೆಗೆಯಬೇಕು. ಗೋಡೆಯ ಮೇಲಿನ ನೀರಿನ ಗುರುತಿಗೆ ಅಳತೆಪಟ್ಟಿ ಹಿಡಿದು ಇನ್ನೊಂದು ಫೋಟೊ ಇರಲಿ. ಕಲ್ನಾರಿನ (ಆಸ್ಬೆಸ್ಟಾಸ್) ಶೀಟುಗಳ ಧೂಳು ಶ್ವಾಸಕೋಶಕ್ಕೆ ಅಪಾಯ, ಅವನ್ನು ಒಡೆಯದೆ, ಒದ್ದೆ ಮಾಡಿ, ಬೇರೆಯೇ ಇಡಬೇಕು.

ತಾತ್ಕಾಲಿಕ ಮನೆಗಳ ಜಾಗ ಇನ್ನೂ ಸೂಕ್ಷ್ಮ ವಿಷಯ. 1995ರಲ್ಲಿ ಜಪಾನಿನ ಕೋಬೆ ನಗರದ ಭೂಕಂಪದ ನಂತರ ವಯಸ್ಸಾದವರಿಗೆ ಆದ್ಯತೆ ಕೊಟ್ಟು ಲಾಟರಿ ಎತ್ತಿ ಮನೆ ಹಂಚಿದರು. ಉದ್ದೇಶ ಒಳ್ಳೆಯದೇ. ಆದರೆ ಅಕ್ಕಪಕ್ಕದವರು ಚದುರಿಹೋದರು. ಒಬ್ಬರೇ ಇದ್ದು ಯಾರಿಗೂ ತಿಳಿಯದೆ ತೀರಿಕೊಂಡ ವೃದ್ಧರ ಸುದ್ದಿಗಳು ಬಂದವು. ಕೊನೆಯ ತಾತ್ಕಾಲಿಕ ಮನೆ ಖಾಲಿಯಾದದ್ದು 2000ರಲ್ಲಿ. ಒಂದು ಬೀದಿಯವರನ್ನು ಒಟ್ಟಿಗೇ, ಅವರ ಕೆಲಸದ ಜಾಗಕ್ಕೆ ಹತ್ತಿರವೇ ಇರಿಸಬೇಕೆಂದು ನಾವು ಒತ್ತಿ ಹೇಳುವುದು ಇದಕ್ಕೆ.

ಶಾಶ್ವತ ಮನೆಯನ್ನು ಮನೆಯವರೇ ಕಟ್ಟಿಸಿಕೊಳ್ಳುವುದು ಮೇಲು. 2001ರ ಗುಜರಾತ್ ಭೂಕಂಪದ ನಂತರ ಈ ಕ್ರಮ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಹಣ ಕಂತಿನಲ್ಲಿ ಬರಬೇಕು. ಮೊದಲನೆಯದು ಮುಂಗಡ, ಏಕೆಂದರೆ ಕೈ ಬರಿದಾದವರು ತಳಪಾಯವನ್ನೂ ತೋಡಲಾರರು. ಎರಡನೆಯದು ತಳಪಾಯ ಪರೀಕ್ಷಿಸಿದ ಮೇಲೆ, ಮೂರನೆಯದು ಲಿಂಟೆಲ್ (ಬಾಗಿಲು, ಕಿಟಕಿಗಳ ಮೇಲಿನ ಅಡ್ಡತೊಲೆ) ಮಟ್ಟ ನೋಡಿದ ಮೇಲೆ. ಎಂಜಿನಿಯರ್ ಬರುವುದು ತಡವಾದರೆ ಕಂತೂ ತಡ, ಅಷ್ಟರಲ್ಲಿ ಸಿಮೆಂಟು, ಕೂಲಿ ಏರಿರುತ್ತದೆ. ಆಗ ಜನ ಉಳಿತಾಯಕ್ಕೆಂದು ಕೈಬಿಡುವುದು ಹೆಚ್ಚಾಗಿ ಕಣ್ಣಿಗೆ ಕಾಣದ್ದನ್ನೇ: ಗೋಡೆಗಳನ್ನು ಸುತ್ತ ಬಿಗಿಯುವ ಪಟ್ಟಿಯ ಕಬ್ಬಿಣವನ್ನು. ಗಾರೆಯವರಿಗೆ ಮೊದಲೇ ತರಬೇತಿ ಕೊಟ್ಟಿದ್ದರೆ ಈ ತಪ್ಪು ಅರ್ಧ ಕಡಿಮೆಯಾದೀತು.

ನಿಮ್ಮಲ್ಲಿ ಚೇತರಿಕೆ ಎಲ್ಲಿಗೆ ಬಂದಿದೆಯೆಂದು ತಿಳಿಯಲು ಕಟ್ಟಿದ ಮನೆಗಳನ್ನು ಎಣಿಸಬೇಡಿ, ಸಂಜೆ ದೀಪ ಉರಿಯುವ ಮನೆಗಳನ್ನು ಎಣಿಸಿ. ಶಾಲೆಗೆ ಮರಳದ ಮಕ್ಕಳೆಷ್ಟು, ಸಾಲ ಎಷ್ಟು ಬೆಳೆದಿದೆ ಎಂದು ವಿಚಾರಿಸಿ. ಬಾಡಿಗೆಗೆ ಇದ್ದವರ ಹೆಸರು ಫಲಾನುಭವಿಗಳ ಪಟ್ಟಿಯಲ್ಲಿದೆಯೇ ನೋಡಿ. ಹಕ್ಕುಪತ್ರ ಕೇಳುವ ಪಟ್ಟಿಯಲ್ಲಿ ಮೊದಲು ಬಿಟ್ಟುಹೋಗುವವರು ಅವರೇ. ಅವರ ಹೆಸರು ಇಲ್ಲದಿದ್ದರೆ, ನೆರೆಗೆ ಮುಂಚಿನ ವಿದ್ಯುತ್ ಬಿಲ್ಲು, ಶಾಲೆಯ ದಾಖಲೆ ಅಥವಾ ಇಬ್ಬರು ನೆರೆಯವರ ಹೇಳಿಕೆಯನ್ನು ಲಗತ್ತಿಸಿ ಈಗಲೇ ಆಕ್ಷೇಪಣೆ ಕೊಡಿಸಿ.

– ಸಂಪಾದಕರು