ಐರಿಶ್‌ನ ‘ಊಅಲ್’ ಪದಕ್ಕೆ ಕನ್ನಡದಲ್ಲಿ ‘ವಿನಯವಂತ’ ಎನ್ನಬೇಕೇ, ‘ವಿಧೇಯ’ ಎನ್ನಬೇಕೇ?

ಇದೇ ಪದವನ್ನು ತಪ್ಪಾಗಿ ತಿಳಿದು ನಾನು ಮೂರು ವಾರ ಒಬ್ಬ ಹಿರಿಯರ ಒಡನಾಟ ಕಳೆದುಕೊಂಡಿದ್ದೇನೆ.

ಐರ್ಲೆಂಡಿನ ಗಾಲ್ವೇಯ ಒಂದು ವೃದ್ಧಾಶ್ರಮದಲ್ಲಿ ನಾನು ನರ್ಸ್ ಆಗಿದ್ದೆ. ಕಾನೆಮಾರಾ ಕಡೆಯ ಅಜ್ಜ ಒಬ್ಬರಿದ್ದರು. ಮನೆಮಾತು ಐರಿಶ್, ಕಸುಬು ಬುಟ್ಟಿ ಹೆಣೆಯುವುದು. ಪಾಳಿ ಮುಗಿದ ಮೇಲೂ ಅವರ ಹತ್ತಿರ ಕೂತು ಪದ ಕಲಿಯುತ್ತಿದ್ದೆ. ಒಂದು ಸಂಜೆ ಅವರ ಕಾಲು ಒತ್ತುತ್ತಿದ್ದಾಗ, ‘ನೀನು ಊಅಲ್’ ಎಂದರು. ಅಕ್ಷರ ಕೇಳಿ ಬರೆದುಕೊಂಡೆ: ಯು, ಎಂ, ಎಚ್, ಎ, ಎಲ್. (ನಡುವಿನ ಎಂ-ಎಚ್ ಉಚ್ಚಾರಣೆಯಲ್ಲಿ ಕರಗಿ ಮೊದಲ ಸ್ವರ ದೀರ್ಘವಾಗುತ್ತದೆ; ‘ಉಮ್ಹಲ್’ ಎನ್ನಬೇಡಿ.)

ಮೊಬೈಲ್ ನಿಘಂಟಿನಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ‘ವಿಧೇಯ’ ಎಂಬರ್ಥ. ಅಲ್ಲಿಗೇ ಓದು ನಿಲ್ಲಿಸಿದೆ. ನನ್ನ ತಪ್ಪು ಅದೇ. ಪಕ್ಕದ ಅರ್ಥ ನೋಡಲಿಲ್ಲ, ಅಜ್ಜನನ್ನೂ ಕೇಳಲಿಲ್ಲ. ರಜೆ ಅರ್ಜಿಯ ಕೊನೆಗೆ ‘ತಮ್ಮ ವಿಧೇಯ’ ಎಂದು ಬರೆದು ಬೆಳೆದ ಮನಸ್ಸಿಗೆ, ಹೇಳಿದ್ದನ್ನು ಕೇಳಿಕೊಂಡು ಬಿದ್ದಿರುವ ಹೊರದೇಶದ ಆಳು ಎಂದಂತೆ ಕೇಳಿಸಿತು. ಆಮೇಲೆ ಮಾತ್ರೆ ಕೊಟ್ಟು ಹೊರಟುಬಿಡುತ್ತಿದ್ದೆ. ಅವರು ಪಕ್ಕದ ಕುರ್ಚಿಯ ಮೇಲಿನ ಪತ್ರಿಕೆ ತೆಗೆದು ಜಾಗ ಮಾಡಿದರೂ ಕೂರುತ್ತಿರಲಿಲ್ಲ.

ಒಂದು ಭಾನುವಾರ ಅವರ ಮಗಳು ನೆನೆಸಿದ ವಿಲ್ಲೋ ಕಡ್ಡಿಗಳನ್ನು ತಂದಿದ್ದರು. ಅಜ್ಜ ಒಂದನ್ನು ತೋರುಬೆರಳಿಗೆ ಮೆಲ್ಲಗೆ ಸುತ್ತಿದರು. ಸಿಪ್ಪೆ ಕೂಡ ಬಿರಿಯಲಿಲ್ಲ. ನನ್ನತ್ತ ಚಾಚಿ ‘ಊಅಲ್’ ಎಂದರು. ಬಾಗುವ, ಮುರಿಯದ ಕಡ್ಡಿಗೂ ಅದೇ ಮಾತು! ಆಮೇಲೆ ನಮಗೆ ಸಿಕ್ಕಿದ್ದು ನಾಲ್ಕೇ ಸಂಜೆ.

ಹಾಗಾಗಿ ಎರಡರಲ್ಲಿ ಒಂದನ್ನು ಆರಿಸುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಈ ಪದ ಲ್ಯಾಟಿನ್‌ನ ‘ಹುಮಿಲಿಸ್’ನಿಂದ ಬಂದದ್ದು, ಅದರ ಬೇರು ನೆಲ ಎಂಬರ್ಥದ ‘ಹುಮುಸ್’. ಕ್ರೈಸ್ತ ಮಠಗಳಲ್ಲಿ ತಗ್ಗಿ ನಡೆಯುವುದೂ ಮಠಾಧಿಪತಿಯ ಮಾತು ಕೇಳುವುದೂ ಒಟ್ಟಿಗೇ ಕಲಿಸುವ ಗುಣಗಳು. ನಮ್ಮಲ್ಲಿ ‘ವಿನೀತ’ ಇದಕ್ಕೆ ತೀರ ಹತ್ತಿರ. ಸಂಸ್ಕೃತದಲ್ಲಿ ಅದು ಪಳಗಿದ ಕುದುರೆಗೂ ಸಲ್ಲುತ್ತದೆ. ಅದಕ್ಕಿಂತಲೂ ನನಗೆ ಇಷ್ಟ ನಮ್ಮ ‘ತಗ್ಗಿಬಗ್ಗಿ ನಡೆಯುವ’. ಬಾಗುವುದು ಅದರಲ್ಲೇ ಇದೆ. ‘ವಿಧೇಯ’ ಎಂದು ಧೈರ್ಯವಾಗಿ ಬರೆಯಬೇಕಾದರೆ, ಪದ ಆದಮೇಲೆ ‘ಇಂಥವರಿಗೆ’ ಎಂಬರ್ಥದ ‘ದೊ’ ಬಂದಿದೆಯೇ ನೋಡಿ: ತಾಯಿಗೆ ವಿಧೇಯ, ಗುರುವಿಗೆ ವಿಧೇಯ ಎಂಬಂತೆ. ಅಜ್ಜನ ಮಾತಿನಲ್ಲಿ ಆ ‘ದೊ’ ಇರಲಿಲ್ಲ.