ಮೇಷ್ಟ್ರು ಬರೆದ ಊರ ಚರಿತ್ರೆಯನ್ನು ನಂಬಬಹುದೇ?

ಪ್ರಶ್ನೆ: ಜರ್ಮನಿಯ ಕಾಸೆಲ್ ಹತ್ತಿರದ ಹಳ್ಳಿಯೊಂದರಲ್ಲಿ ಬಾಡಿಗೆಗೆ ಇದ್ದೇವೆ. ಮನೆ ಮಾಲೀಕರ ತಂದೆ ಅಲ್ಲೇ ಶಾಲಾ ಮೇಷ್ಟ್ರಾಗಿದ್ದರಂತೆ. 1950ರ ದಶಕದಲ್ಲಿ ಅವರು ಬರೆದ ಊರಿನ ಚರಿತ್ರೆಯನ್ನು ನಮಗೆ ಓದಲು ಕೊಟ್ಟಿದ್ದಾರೆ. ಶಾಲಾ ಮೇಷ್ಟ್ರು ಇತಿಹಾಸಕಾರ ಆಗಿದ್ದು ಹೇಗೆ? ಬರೆದದ್ದನ್ನು ಎಷ್ಟು ನಂಬಬಹುದು? ಅವರ ಟಿಪ್ಪಣಿಗಳ ಪೆಟ್ಟಿಗೆ ಇನ್ನೂ ಅಟ್ಟದ ಮೇಲಿದೆಯಂತೆ.

ಉತ್ತರ: ಒಳ್ಳೆಯ ಪುಸ್ತಕವೇ ಕೈಗೆ ಸಿಕ್ಕಿದೆ ನಿಮಗೆ. ಜರ್ಮನಿಯಲ್ಲಿ ಹಳ್ಳಿಯ ಚರಿತ್ರೆ ಬರೆದವರು ಯಾರು ಎಂದು ನೋಡಿದರೆ ಮತ್ತೆ ಮತ್ತೆ ಸಿಗುವವರು ಇಬ್ಬರು, ಪಾದ್ರಿ ಮತ್ತು ಮೇಷ್ಟ್ರು. ಊರಿನ ಹಳೇ ಕಾಗದಪತ್ರ ಅವರ ಕೈಗೆ ಸಿಗುತ್ತಿತ್ತು, ಓದಲೂ ಬರುತ್ತಿತ್ತು. ಮೇಷ್ಟ್ರ ವಾಸ ಸಾಮಾನ್ಯವಾಗಿ ಶಾಲೆಯ ಕಟ್ಟಡದಲ್ಲೇ. ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುವುದೂ ಎಷ್ಟೋ ಕಡೆ ಅವರೇ. ಸಂಬಳ ಮಾತ್ರ ಕಡಿಮೆ. ನಿಮ್ಮ ಕಾಸೆಲ್ ಸೀಮೆ 1866ರಲ್ಲಿ ಪ್ರಷ್ಯಾ ಎಂಬ ದೊಡ್ಡ ಜರ್ಮನ್ ರಾಜ್ಯಕ್ಕೆ ಸೇರಿತು. 1872ರಲ್ಲಿ ಪ್ರಷ್ಯಾ ಸರ್ಕಾರ ಹಳ್ಳಿ ಶಾಲೆಗಳಲ್ಲೂ ‘ಶೂಲ್‌ಕ್ರೋನಿಕ್’ ಎಂಬ ದಫ್ತರ ಇಡಬೇಕು ಎಂದಿತು. ಆಲಿಕಲ್ಲು ಮಳೆ ಬಿದ್ದಿದ್ದು, ದಡಾರ ಹಬ್ಬಿ ಶಾಲೆ ಮುಚ್ಚಿದ್ದು, ಯುದ್ಧಕ್ಕೆ ಹೋದವರು ಇವೆಲ್ಲ ಅದಕ್ಕೆ ಸೇರುತ್ತಿದ್ದವು. ಅಪ್ಪಣೆಗೆ ಬರೆಯಲು ಕೂತವರಲ್ಲಿ ಕೆಲವರಿಗೆ ರುಚಿ ಹತ್ತಿಬಿಟ್ಟಿತು.

ಇನ್ನು ನಂಬುವ ಮಾತು. ಹಳೇ ಕಾಲದ ವಿಷಯದಲ್ಲಿ ನಾನಾದರೆ ಮೇಷ್ಟ್ರನ್ನು ಜಾಸ್ತಿ ನಂಬುತ್ತೇನೆ. 1874ಕ್ಕೆ ಮೊದಲು ಅಲ್ಲಿ ಹುಟ್ಟು, ಮದುವೆ, ಸಾವು ತಿಳಿಯಬೇಕಾದರೆ ಹೆಚ್ಚಾಗಿ ಚರ್ಚಿನ ದಫ್ತರವೇ ಗತಿ. ಅದು ಕುರೆಂಟ್ ಎಂಬ ಓರೆ ಕೈಬರಹದಲ್ಲಿರುತ್ತದೆ. ಅದರಲ್ಲಿ ‘ಇ’ (e) ಅಕ್ಷರವೂ ‘ಎನ್’ (n) ಅಕ್ಷರವೂ ಹೆಚ್ಚುಕಡಿಮೆ ಒಂದೇ ಥರ ಎರಡು ಗೀಟು. ‘ಯು’ (u) ಅಕ್ಷರಕ್ಕೂ ಅವೇ ಗೀಟುಗಳು, ಮೇಲೊಂದು ಸಣ್ಣ ಬಿಲ್ಲು ಅಷ್ಟೇ. ಶಾಯಿ ಮಾಸಿ ಬಿಲ್ಲು ಹೋಯಿತೆನ್ನಿ, ಒಂದು ಮನೆತನದ ಹೆಸರೇ ಬದಲಾಗಿಬಿಡುತ್ತದೆ! 1941ರಲ್ಲಿ ಶಾಲೆಗಳಿಂದ ಈ ಬರಹವನ್ನು ತೆಗೆದರು. ನಿಮ್ಮ ಮೇಷ್ಟ್ರ ತಲೆಮಾರು ಬಾಲ್ಯದಲ್ಲೇ ಇಂಥ ಬರಹ ಕಲಿತದ್ದು.

ಹೊಲಗಳ ಹೆಸರಿನ ಪಟ್ಟಿ ಇದ್ದರೆ ಅದಂತೂ ಚಿನ್ನ. ಯುದ್ಧದ ನಂತರ ತುಂಡು ಹೊಲಗಳನ್ನು ಒಟ್ಟುಗೂಡಿಸಿ ಹೊಸದಾಗಿ ಗಡಿ ಹಾಕಿದರು. ಎಷ್ಟೋ ಹಳೇ ಹೆಸರು ಈಗ ಉಳಿದಿರುವುದು ಮುದುಕರನ್ನು ಕೇಳಿ ಬರೆದಿಟ್ಟ ಇಂಥ ಪಟ್ಟಿಗಳಲ್ಲೇ.

ಆದರೆ 1933ರಿಂದ 1945ರ ಭಾಗ ತೆಗೆದು ನೋಡಿ. ಎಷ್ಟು ಪುಟ ಇದೆ? 1950ರ ದಶಕದಲ್ಲಿ ಬಂದ ಇಂಥ ಎಷ್ಟೋ ಪುಸ್ತಕಗಳಲ್ಲಿ ಈ ಭಾಗಕ್ಕೆ ಬಂದಾಗ ಮೇಷ್ಟ್ರ ಪೆನ್ನು ಒಮ್ಮೆಲೇ ಅವಸರಕ್ಕೆ ಬೀಳುತ್ತದೆ. ಸತ್ತ ಸೈನಿಕರ ಪಟ್ಟಿ, ಅಮೆರಿಕನ್ನರು ಊರೊಳಗೆ ಬಂದ ದಿನ, ಮುಗೀತು. ಊರಲ್ಲಿದ್ದ ಯಹೂದಿ ಮನೆಗಳು ಏನಾದವು? ಹೊಲದಲ್ಲಿ ಬಲವಂತದ ದುಡಿಮೆಗೆ ತಂದ ಪೋಲೆಂಡಿನವರು ಎಲ್ಲಿ? ಪಕ್ಕದ ಮನೆಯವರ ಬಗ್ಗೆ ಬರೆಯುವುದು ಕಷ್ಟ, ಅಲ್ವಾ? ಬರೆಯುವವರೇ ಆ ವ್ಯವಸ್ಥೆಯೊಳಗೆ ಇದ್ದವರೂ ಆಗಿರಬಹುದು. 1930ರ ದಶಕದ ಕೊನೆಗೆ ಜರ್ಮನಿಯ ಶೇ. 97ರಷ್ಟು ಶಿಕ್ಷಕರು ನಾಜಿ ಶಿಕ್ಷಕರ ಸಂಘದಲ್ಲಿದ್ದರು. ಆಗ ತಾನು ‘ಆರ್ಯ’, ಅಂದರೆ ಯಹೂದಿ ವಂಶದವನಲ್ಲ, ಎಂದು ಸಾಬೀತು ಮಾಡಲು ಬೇಕಾದ ದಾಖಲೆಗಳನ್ನು ತೆಗೆದದ್ದೂ ಇದೇ ಚರ್ಚಿನ ದಫ್ತರಗಳಿಂದ. ಹಾಗಂತ ಮಾಲೀಕರ ತಂದೆಯ ಮೇಲೆ ಸುಮ್ನೆ ಅನುಮಾನ ಬೇಡ. ಬಿಟ್ಟುಹೋದದ್ದನ್ನು ಬೇರೆ ಕಡೆ ಹುಡುಕಿ, ಅಷ್ಟೇ.

ಜರ್ಮನಿಯ ರಾಷ್ಟ್ರೀಯ ಪತ್ರಾಗಾರವಾದ ಬುಂಡೆಸ್‌ಆರ್ಕೀವ್‌ನ ಸ್ಮರಣ ಪಟ್ಟಿಯಲ್ಲಿ ಊರಿನ ಹೆಸರು ಹಾಕಿದರೆ ನಾಜಿಗಳಿಗೆ ಬಲಿಯಾದ ಆ ಊರಿನ ಯಹೂದಿಗಳ ಹೆಸರು ಸಿಗುತ್ತದೆ. ಬಲವಂತದ ದುಡಿಮೆಯವರ ದಾಖಲೆಗೆ ಆರೋಲ್ಸೆನ್ ಆರ್ಕೈವ್ಸ್ ಇದೆ. ಅದಿರುವ ಬಾಡ್ ಆರೋಲ್ಸೆನ್ ನಿಮಗೆ ದೂರವೇನಲ್ಲ. 1980-81ರಲ್ಲಿ ಶಾಲಾ ಮಕ್ಕಳ ರಾಷ್ಟ್ರೀಯ ಇತಿಹಾಸ ಸ್ಪರ್ಧೆಗೆ ನಾಜಿ ಕಾಲದ ದಿನನಿತ್ಯದ ಬದುಕನ್ನೇ ವಿಷಯವಾಗಿ ಕೊಟ್ಟಿದ್ದರು. ನಿಮ್ಮ ಊರಿನ ಮಕ್ಕಳು ಆಗ ಏನಾದರೂ ಬರೆದಿದ್ದರೋ, ಅದನ್ನೂ ವಿಚಾರಿಸಿ.

ಪೆಟ್ಟಿಗೆಯ ವಿಷಯಕ್ಕೆ ಬಂದರೆ, ಅಚ್ಚಾಗದೆ ಉಳಿದದ್ದು ಅದರಲ್ಲೇ ಇರಬಹುದು. ಸಹಾಯ ಮಾಡೋಣ ಅಂತ ನೀವೇ ಜೋಡಿಸಲು ಹೋಗಬೇಡಿ. ಯಾವ ಕಾಗದ ಯಾವುದರ ಜೊತೆ ಇತ್ತು ಎನ್ನುವುದೂ ಒಂದು ಮಾಹಿತಿಯೇ. ಪಿನ್ನು ತುಕ್ಕು ಹಿಡಿದಿದ್ದರೂ ಕೀಳಬೇಡಿ. ಪೆಟ್ಟಿಗೆ ಇದ್ದ ಹಾಗೇ ಇರಲಿ. ಜಿಲ್ಲಾ ಪತ್ರಾಗಾರಕ್ಕೆ ಒಂದು ಫೋನ್ ಮಾಡಿ ಎಂದು ಮಾಲೀಕರಿಗೆ ಹೇಳಿ. ಕೊಡುವುದೋ ಬಿಡುವುದೋ ಅವರಿಷ್ಟ.