ಮೂವರು ಸ್ಪರ್ಧಿಸಿದಾಗ ಒಬ್ಬರನ್ನು ಆರಿಸುವುದು ಹೇಗೆ?

ಪ್ರಶ್ನೆ: ಬೆಟಗೇರಿಯ ನಮ್ಮ ವಾಚನಾಲಯ ಸಂಘದ ಅಧ್ಯಕ್ಷ ಸ್ಥಾನಕ್ಕೆ ಕಳೆದ ಬಾರಿ ಮೂವರು ಸ್ಪರ್ಧಿಸಿದ್ದರು. ಒಟ್ಟು 90 ಮತಗಳಲ್ಲಿ 38 ಪಡೆದವರು ಗೆದ್ದರು. ಉಳಿದಿಬ್ಬರಿಗೆ 30 ಮತ್ತು 22 ಮತಗಳು ಬಂದವು. ಹೆಚ್ಚಿನ ಸದಸ್ಯರಿಗೆ ಬೇಡವಾದವರೇ ಅಧ್ಯಕ್ಷರಾದರೆಂಬ ಅಸಮಾಧಾನ ಇನ್ನೂ ಇದೆ. ಯಾವ ಪದ್ಧತಿ ಒಳ್ಳೆಯದು?
– ಓದುಗರೊಬ್ಬರು, ಗದಗ

ಉತ್ತರ: ಗೆದ್ದವರು ಉಳಿದ 52 ಸದಸ್ಯರಿಗೆ ಬೇಡವಾಗಿದ್ದರೆಂದು ಹೇಳಲು ನಿಮ್ಮ ಮತಪತ್ರದಲ್ಲಿ ಆಧಾರವಿಲ್ಲ. ‘ನಿಮ್ಮವರು ಗೆಲ್ಲದಿದ್ದರೆ ಮತ್ತ್ಯಾರು?’ ಎಂಬುದನ್ನು ಅದು ಕೇಳಲೇ ಇಲ್ಲ. ಅದನ್ನು ಕೇಳುವ ಪ್ರಾಶಸ್ತ್ಯ ಮತದಾನವನ್ನು ಅಳವಡಿಸಿಕೊಳ್ಳಿರೆಂಬುದು ನನ್ನ ಸಲಹೆ.

ಮೊದಲಿಬ್ಬರ ನಡುವೆ ಮತ್ತೊಮ್ಮೆ ಮತದಾನ ನಡೆಸುವ ಎರಡು ಸುತ್ತಿನ ಪದ್ಧತಿಯೂ ಇದೆ. ಆದರೆ ಫ್ರಾನ್ಸಿನ 2002ರ ಅಧ್ಯಕ್ಷೀಯ ಚುನಾವಣೆಯಲ್ಲಿ 16 ಅಭ್ಯರ್ಥಿಗಳಿದ್ದು, ಎಡಪಕ್ಷಗಳ ಮತ ಹಂಚಿಹೋಗಿ, ಪ್ರಧಾನಿಯಾಗಿದ್ದ ಜೋಸ್ಪಾ ಶೇ 1ಕ್ಕಿಂತ ಕಡಿಮೆ ಅಂತರದಲ್ಲಿ ಮೂರನೆಯವರಾಗಿ ಹೊರಬಿದ್ದರು. ಮೊದಲ ಸುತ್ತಿನಲ್ಲಿ ಶೇ 20ರಷ್ಟೂ ಮತ ಪಡೆಯದ ಶಿರಾಕ್, ಎರಡನೆಯ ಸುತ್ತಿನಲ್ಲಿ ಶೇ 82ರಷ್ಟು ಮತಗಳಿಂದ ಗೆದ್ದರು. ಸಣ್ಣ ಸಂಘಕ್ಕೆ ಸದಸ್ಯರನ್ನು ಎರಡು ಬಾರಿ ಸೇರಿಸುವ ಕಷ್ಟವೂ ಇದೆ.

ಪ್ರಾಶಸ್ತ್ಯ ಮತದಾನ ನಮ್ಮ ಭಾಗಕ್ಕೆ ಹೊಸದಲ್ಲ. ಧಾರವಾಡ, ಗದಗ, ಹಾವೇರಿ ಮತ್ತು ಉತ್ತರ ಕನ್ನಡ ಜಿಲ್ಲೆಗಳು ಸೇರಿದ ಪಶ್ಚಿಮ ಪದವೀಧರರ ಕ್ಷೇತ್ರದಲ್ಲಿ ಮತದಾರರು ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದ ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಬರೆಯುವುದು ಇದೇ ಪದ್ಧತಿ. 1969ರ ರಾಷ್ಟ್ರಪತಿ ಚುನಾವಣೆಯಲ್ಲಿ ವಿ. ವಿ. ಗಿರಿಯವರ ಗೆಲುವು ನಿರ್ಧಾರವಾದದ್ದೂ ಎರಡನೇ ಪ್ರಾಶಸ್ತ್ಯದ ಮತಗಳಿಂದಲೇ.

ನಿಮ್ಮ ಲೆಕ್ಕವನ್ನೇ ತೆಗೆದುಕೊಳ್ಳೋಣ. ಅ, ಬ, ಕ ಎಂಬುವರಿಗೆ ಕ್ರಮವಾಗಿ 38, 30, 22 ಪ್ರಥಮ ಪ್ರಾಶಸ್ತ್ಯದ ಮತಗಳಿವೆ. ಯಾರೂ ಅರ್ಧ ದಾಟದ ಕಾರಣ ಕ ಅವರನ್ನು ಕೈಬಿಟ್ಟು ಅವರ ಮತಪತ್ರಗಳಲ್ಲಿನ ಎರಡನೇ ಪ್ರಾಶಸ್ತ್ಯವನ್ನು ನೋಡಬೇಕು. 14ರಲ್ಲಿ ಬ, 5ರಲ್ಲಿ ಅ ಇದ್ದು, 3 ಖಾಲಿಯಿದ್ದರೆ, ಬ 44 ಮತ ಪಡೆದು 43 ಪಡೆದ ಅ ಅವರನ್ನು ಸೋಲಿಸುತ್ತಾರೆ.

ಇಲ್ಲೊಂದು ತೊಡಕಿದೆ, ಇದನ್ನು ಮುಚ್ಚಿಡಬಾರದು. ಅ ಮತ್ತು ಬ ಅವರ ಬೆಂಬಲಿಗರೆಲ್ಲರೂ ಎರಡನೇ ಪ್ರಾಶಸ್ತ್ಯವನ್ನು ಕ ಅವರಿಗೇ ಕೊಟ್ಟಿದ್ದರೆ, ನೇರ ಹಣಾಹಣಿಯಲ್ಲಿ ಕ ಅವರು ಅ ಅವರನ್ನು 52–38ರಿಂದ, ಬ ಅವರನ್ನು 60–30ರಿಂದ ಸೋಲಿಸುತ್ತಿದ್ದರು. ಆದರೂ ಮೊದಲು ಹೊರಬಿದ್ದವರು ಅವರೇ. ಅಮೆರಿಕದ ಬರ್ಲಿಂಗ್ಟನ್ ನಗರದ 2009ರ ಮೇಯರ್ ಚುನಾವಣೆಯಲ್ಲಿ ಹೀಗೇ ಆಯಿತು, ಮರುವರ್ಷವೇ ಅಲ್ಲಿನ ಮತದಾರರು ಈ ಪದ್ಧತಿಯನ್ನು ಕೈಬಿಟ್ಟರು. ಇದಕ್ಕೆ ಪರಿಹಾರವೆಂದರೆ ಇಬ್ಬಿಬ್ಬರನ್ನು ಹೋಲಿಸಿ, ಎಲ್ಲರನ್ನೂ ಸೋಲಿಸುವವರನ್ನು ಆರಿಸುವುದು. ಫ್ರಾನ್ಸಿನ ಕಾಂಡೋರ್ಸೆ 1785ರಲ್ಲಿ ಮಂಡಿಸಿದ ವಿಚಾರವಿದು. ಮೂವರಿದ್ದರೆ ಮೂರೇ ಹೋಲಿಕೆ, 90 ಮತಪತ್ರಗಳನ್ನು ಸಂಜೆಯೊಳಗೆ ಎಣಿಸಬಹುದು. ನಿಮ್ಮ ಸಂಘಕ್ಕೆ ನಾನು ಇದನ್ನೇ ಹೆಚ್ಚು ಒಪ್ಪುತ್ತೇನೆ. ಅಪರೂಪಕ್ಕೆ ಅ ಬ ಅವರನ್ನೂ, ಬ ಕ ಅವರನ್ನೂ, ಕ ಅ ಅವರನ್ನೂ ಸೋಲಿಸಿ ಸುತ್ತು ಬೀಳಬಹುದು. ಆಗ ಮಾತ್ರ ಕಡಿಮೆ ಮತದವರನ್ನು ಕೈಬಿಡುವ ಕ್ರಮ ಅನ್ವಯಿಸಲೆಂದು ನಿಯಮಾವಳಿಯಲ್ಲಿ ಬರೆಯಿರಿ. ಈ ತಿದ್ದುಪಡಿಗೆ ನಾಮಪತ್ರ ಸಲ್ಲಿಕೆಗೆ ಮೊದಲೇ ಸರ್ವಸಾಧಾರಣ ಸಭೆಯ ಒಪ್ಪಿಗೆ ಪಡೆಯಿರಿ.

ಪ್ರಶ್ನೆ: ಎರಡನೇ ಪ್ರಾಶಸ್ತ್ಯ ಬರೆದರೆ ನಮ್ಮ ಅಭ್ಯರ್ಥಿಗೆ ಹಾನಿಯೆಂದು ಪದವೀಧರರ ಚುನಾವಣೆಯಲ್ಲಿ ಹಲವರು ಹೇಳುತ್ತಾರೆ. ನಿಜವೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಆ ಚುನಾವಣೆಯ ಮಟ್ಟಿಗೆ ಅದು ತಪ್ಪು ತಿಳಿವಳಿಕೆ. ನಿಮ್ಮ ಮೊದಲ ಅಭ್ಯರ್ಥಿ ಕಣದಲ್ಲಿರುವವರೆಗೂ ನಿಮ್ಮ ಎರಡನೇ ಪ್ರಾಶಸ್ತ್ಯವನ್ನು ಯಾರೂ ನೋಡುವುದಿಲ್ಲ. ಸ್ಥಾನಕ್ಕೆ ತಕ್ಕಂತೆ ಅಂಕ ಕೊಟ್ಟು ಕೂಡಿಸುವ ಬೋರ್ಡಾ ಪದ್ಧತಿಯಲ್ಲಾದರೆ ಆ ಭಯಕ್ಕೆ ಕಾರಣವಿದೆ, ಅಲ್ಲಿ ಎರಡನೆಯವರಿಗೆ ಕೊಟ್ಟ ಅಂಕ ಮೊದಲನೆಯವರನ್ನೇ ಸೋಲಿಸಬಹುದು. ಪದವೀಧರರ ಕ್ಷೇತ್ರದಲ್ಲಿ ನಿಜವಾದ ಹಾನಿ ಬೇರೆ ಕಡೆಯಿದೆ: ಅಂಕಿಯ ಬದಲು ‘ಒಂದು’ ಎಂದು ಅಕ್ಷರದಲ್ಲಿ ಬರೆದರೆ ಅಥವಾ ಸರಿ ಗುರುತು ಹಾಕಿದರೆ ಮತವೇ ತಿರಸ್ಕೃತವಾಗುತ್ತದೆ.